ಮಾನಸಗಂಗೋತ್ರಿಯಲ್ಲಿ ಬೆಳಕಿನ ಸಂಶೋಧನೆ: ಮೈಸೂರಿನಿಂದ ಹಾಸನದವರೆಗೆ

ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ ಆವರಣದಲ್ಲಿ ಭೌತವಿಜ್ಞಾನದ ಸ್ನಾತಕೋತ್ತರ ವಿಭಾಗಕ್ಕೆ 1961ರಲ್ಲಿ ಎಸ್. ಚಂದ್ರಶೇಖರ್ ಮೊದಲ ಮುಖ್ಯಸ್ಥರಾಗಿ ಬಂದರು. ಮುಂದಿನ ಹತ್ತು ವರ್ಷ ಅಲ್ಲಿ ನಡೆದ ದ್ರವಹರಳುಗಳ ಅಧ್ಯಯನ, ಇಂದು ಫೋಟಾನಿಕ್ಸ್ ಎಂಬ ಹೆಸರಿನಲ್ಲಿ ಬೆಳೆದಿರುವ ವಿದ್ಯೆಗೆ ಕರ್ನಾಟಕದ ವಿಶ್ವವಿದ್ಯಾನಿಲಯವೊಂದು ಸಲ್ಲಿಸಿದ ಬಹು ದೊಡ್ಡ ಕಾಣಿಕೆ. ಬೆಳಕನ್ನು ಹುಟ್ಟಿಸುವುದು, ತಿರುಗಿಸುವುದು, ಬೇಕಾದಾಗ ತಡೆಯುವುದು, ಅದರ ಮೇಲೆ ಸುದ್ದಿ ಹೇರಿ ಕಳಿಸುವುದು, ಇಷ್ಟೂ ಫೋಟಾನಿಕ್ಸ್‌ಗೆ ಸೇರಿದ ಕೆಲಸ. ಆ ಹೆಸರು ಬಳಕೆಗೆ ಬರತೊಡಗಿದ್ದೇ 1960ರ ದಶಕದ ಕೊನೆಗೆ. ಮೈಸೂರಿನಲ್ಲಿ ಅಷ್ಟು ಹೊತ್ತಿಗೆ ಕೆಲಸ ಸಾಕಷ್ಟು ದೂರ ಸಾಗಿತ್ತು.

ಈ ಚರಿತ್ರೆ ಮೈಸೂರು ನಗರಕ್ಕಷ್ಟೇ ಸೇರಿದ್ದಲ್ಲ. 2023ರವರೆಗೆ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಪದವಿ ಕಾಲೇಜುಗಳೆಲ್ಲ ಮೈಸೂರು ವಿಶ್ವವಿದ್ಯಾನಿಲಯದ ತೆಕ್ಕೆಯಲ್ಲೇ ಇದ್ದವು. ಈ ಊರುಗಳಲ್ಲಿ ಬಿ.ಎಸ್ಸಿ. ಮುಗಿಸಿ ಭೌತವಿಜ್ಞಾನದಲ್ಲಿ ಮುಂದೆ ಓದಬೇಕೆಂದವರಿಗೆ ಬಹುಕಾಲ ಮಾನಸಗಂಗೋತ್ರಿಯೇ ಮುಖ್ಯ ದಾರಿ. ಹಾಸನ, ಹೊಳೆನರಸೀಪುರಗಳಿಂದ ಕೃಷ್ಣರಾಜನಗರದ ಮೇಲೆ ಮೈಸೂರಿಗೆ ರೈಲಿತ್ತು. ಅರಕಲಗೂಡಿನವರಿಗೆ ಬಸ್ಸೇ ಗತಿ. ಹೀಗೆ ಮೈಸೂರು ವಿಭಾಗದ ಕಥೆಯಲ್ಲಿ ಹಾಸನ ಜಿಲ್ಲೆಗೂ ಪಾಲಿದೆ.

1961ಕ್ಕೆ ಮೊದಲು ಪರಿಸ್ಥಿತಿ ಬೇರೆ ಇತ್ತು. 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ವಿಜ್ಞಾನದ ಉನ್ನತ ಬೋಧನೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ನಡೆಯುತ್ತಿತ್ತು. ಮೈಸೂರಿನ ಮಹಾರಾಜ ಕಾಲೇಜಿಗೆ ಸಾಹಿತ್ಯ, ಚರಿತ್ರೆ, ತತ್ತ್ವಶಾಸ್ತ್ರಗಳ ಕೀರ್ತಿ. ಕುವೆಂಪು ಕುಲಪತಿಗಳಾಗಿದ್ದ 1956ರಿಂದ 1960ರವರೆಗಿನ ಅವಧಿಯಲ್ಲಿ ಸ್ನಾತಕೋತ್ತರ ಅಧ್ಯಯನಕ್ಕೆಂದೇ ಪ್ರತ್ಯೇಕ ಆವರಣ ಬೇಕೆಂಬ ಯೋಚನೆ ರೂಪ ತಳೆಯಿತು. ಮಾನಸಗಂಗೋತ್ರಿ ಎಂಬ ಹೆಸರೂ ಅವರದೇ. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯ ಬೇರೆಯಾಗಿ ಸೆಂಟ್ರಲ್ ಕಾಲೇಜು ಅದರ ಪಾಲಿಗೆ ಹೋಯಿತು. ಮೈಸೂರಿನಲ್ಲಿ ಅದಕ್ಕೆ ಮೊದಲೇ ಹೊಸ ವಿಭಾಗ ಬೇರು ಬಿಟ್ಟಿದ್ದು ವಿಶ್ವವಿದ್ಯಾನಿಲಯದ ಭಾಗ್ಯವೆಂದೇ ಹೇಳಬೇಕು.

ಮೈಸೂರಿಗೆ ಬಂದ ವಿದ್ಯೆಯ ಮೂಲ ಸಿ.ವಿ. ರಾಮನ್ ಅವರ ಗರಡಿಯಲ್ಲಿದೆ. 1928ರ ಫೆಬ್ರವರಿ 28ರಂದು ಕಲ್ಕತ್ತೆಯಲ್ಲಿ ಕಂಡ ಹೊಸ ಬೆಳಕಿನ ಬಗ್ಗೆ ರಾಮನ್ ವಿವರವಾದ ಉಪನ್ಯಾಸ ಕೊಟ್ಟದ್ದು ಬೆಂಗಳೂರಿನಲ್ಲಿ, ಅದೇ ವರ್ಷದ ಮಾರ್ಚ್ 16ರಂದು, ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ. 1933ರಲ್ಲಿ ಅವರು ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬೆಂಗಳೂರಿಗೇ ಬಂದು ಭೌತವಿಜ್ಞಾನ ವಿಭಾಗವನ್ನು ತೆರೆದರು. ದ್ರವದಲ್ಲಿ ಶ್ರವಣಾತೀತ ಅಲೆಗಳನ್ನು ಹಾಯಿಸಿದಾಗ ಅದರ ಮೂಲಕ ಸಾಗುವ ಬೆಳಕು ಹಲವು ಕವಲಾಗಿ ಒಡೆಯುವುದನ್ನು ಯೂರೋಪು, ಅಮೆರಿಕಗಳಲ್ಲಿ 1932ರಲ್ಲಿ ಕಂಡಿದ್ದರು. ಏಕೆ ಹಾಗೆ ಎಂಬುದಕ್ಕೆ ರಾಮನ್ ಮತ್ತು ಅವರ ಶಿಷ್ಯ ನಾಗೇಂದ್ರನಾಥ್ 1935–36ರಲ್ಲಿ ಸಿದ್ಧಾಂತ ಕೊಟ್ಟರು. ಲೇಸರ್ ಕಿರಣವನ್ನು ಕ್ಷಣಾರ್ಧದಲ್ಲಿ ತಿರುಗಿಸುವ, ಅದರ ತೀವ್ರತೆಯನ್ನು ಏರಿಳಿಸುವ ಇಂದಿನ ಅನೇಕ ಸಾಧನಗಳಲ್ಲಿ ಆ ಸಿದ್ಧಾಂತ ದುಡಿಯುತ್ತಿದೆ. ಆಗ ಲೇಸರ್ ಹುಟ್ಟಲು ಇನ್ನೂ 25 ವರ್ಷ ಬೇಕಿತ್ತು.

1948ರಲ್ಲಿ ರಾಮನ್ ತಮ್ಮದೇ ಸಂಶೋಧನಾ ಸಂಸ್ಥೆಯನ್ನು ಕಟ್ಟಿದರು. ಅಲ್ಲಿನ ಕ್ರಮ ಸರಳ. ಹರಳು, ಮುತ್ತು, ಕಲ್ಲು, ಹೂವಿನ ಎಸಳು ಯಾವುದನ್ನೇ ಆಗಲಿ ಮೊದಲು ಬೆಳಕಿಗೆ ಹಿಡಿದು ಕಣ್ಣಾರೆ ನೋಡಬೇಕು. ಕಂಡದ್ದನ್ನು ಅಳೆಯಬೇಕು. ಆಮೇಲೆ ಲೆಕ್ಕ. ಮೈಸೂರು ವಿಭಾಗದ ಮೊದಲ ಪೀಳಿಗೆಯ ಮೂವರು ಈ ಕ್ರಮದಲ್ಲಿ ಪಳಗಿದವರು. ಡಿ. ಕೃಷ್ಣಮೂರ್ತಿ ಅಲ್ಲಿ ರಾಮನ್ನರ ಜೊತೆ ಮುತ್ತಿನ ಒಳರಚನೆ ಮತ್ತು ಹೊಳಪಿನ ಬಗ್ಗೆ ಕೆಲಸ ಮಾಡಿದರು. ರಾಮನ್ನರ ಸೋದರಳಿಯ ಚಂದ್ರಶೇಖರ್, ಸ್ಫಟಿಕಶಿಲೆಯಂಥ ಹರಳುಗಳ ಮೂಲಕ ಸಾಗುವಾಗ ಬೆಳಕಿನ ಧ್ರುವೀಕರಣದ ದಿಕ್ಕು (ಅಂದರೆ ಅಲೆ ಕಂಪಿಸುವ ದಿಕ್ಕು) ಎಷ್ಟು ತಿರುಗುತ್ತದೆ, ಬಣ್ಣದಿಂದ ಬಣ್ಣಕ್ಕೆ ಆ ತಿರುಗುವಿಕೆ ಹೇಗೆ ಬದಲಾಗುತ್ತದೆ ಎಂದು ಅಳೆದು, ಅದಕ್ಕೆ ಹೊಂದುವ ಸೂತ್ರ ಕೊಟ್ಟರು. ಬಳಿಕ ಕೇಂಬ್ರಿಜ್‌ನ ಕ್ಯಾವೆಂಡಿಶ್ ಪ್ರಯೋಗಾಲಯಕ್ಕೆ ಹೋದರು; ಎಕ್ಸ್-ಕಿರಣಗಳು ಹರಳಿನ ಪದರಗಳಿಂದ ಪ್ರತಿಫಲಿಸುವ ಬಗೆ ಅವರ ಇನ್ನೊಂದು ಪರಿಣತಿಯಾಯಿತು. ಈ ಎರಡು ಪರಿಣತಿಗಳೂ ಮೈಸೂರಿನಲ್ಲಿ ಒಂದೇ ಪ್ರಶ್ನೆಯ ಮೇಲೆ ಬಂದು ಕೂಡಿದವು.

ಮೂರನೆಯವರು ಎಸ್. ಪಂಚರತ್ನಂ. ಇವರೂ ರಾಮನ್ನರ ಸೋದರಳಿಯ. 1956ರಲ್ಲಿ, ಇಪ್ಪತ್ತೆರಡರ ಪ್ರಾಯದಲ್ಲಿ, ಧ್ರುವೀಕೃತ ಬೆಳಕಿನ ವ್ಯತಿಕರಣವನ್ನು ಕುರಿತು ಇವರು ಪ್ರಕಟಿಸಿದ ಪ್ರಬಂಧ ಕರ್ನಾಟಕದ ನೆಲದಲ್ಲಿ ಬರೆದ ಭೌತವಿಜ್ಞಾನದ ಅತ್ಯುತ್ತಮ ಬರಹಗಳ ಸಾಲಿಗೆ ಸೇರುತ್ತದೆ. ಬೆಳಕಿನ ಧ್ರುವೀಕರಣದ ಎಲ್ಲ ಸ್ಥಿತಿಗಳನ್ನೂ ಗೋಳವೊಂದರ ಮೈಮೇಲಿನ ಬಿಂದುಗಳಾಗಿ ಗುರುತಿಸಬಹುದು. ಕಿರಣವನ್ನು ಒಂದು ಸ್ಥಿತಿಯಿಂದ ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ ಕೊಂಡೊಯ್ದು ಮರಳಿ ಮೊದಲಿಗೆ ತಂದರೆ ಗೋಳದ ಮೇಲೆ ತ್ರಿಕೋನ ಮೂಡುತ್ತದೆ. ಹೊರಟಲ್ಲಿಗೇ ಬಂದರೂ ಅಲೆ ಮೊದಲಿನಂತೆ ಇರುವುದಿಲ್ಲ. ಆ ತ್ರಿಕೋನ ಗೋಳದ ಕೇಂದ್ರದಲ್ಲಿ ಮಾಡುವ ಘನಕೋನದ ಅರ್ಧದಷ್ಟು ಮುಂದೋ ಹಿಂದೋ ಸರಿದಿರುತ್ತದೆ. ಪಂಚರತ್ನಂ ಕಂಡದ್ದು ಇದನ್ನೇ. 1961ರಿಂದ 1964ರವರೆಗೆ ಅವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳಿದರು. ಆಮೇಲೆ ಆಕ್ಸ್‌ಫರ್ಡಿಗೆ ಹೋಗಿ 1969ರಲ್ಲಿ ಅಲ್ಲಿಯೇ ಅಕಾಲದಲ್ಲಿ ತೀರಿಕೊಂಡರು. ಅವರ ಪ್ರಬಂಧದ ಬೆಲೆ ಜಗತ್ತಿಗೆ ತಿಳಿಯುವ ಹೊತ್ತಿಗೆ ಅವರು ಇರಲಿಲ್ಲ.

ದ್ರವಹರಳು ಎಂಬ ವಸ್ತುವನ್ನು ಮೊದಲು ಗಮನಿಸಿದವರು ಪ್ರಾಗ್‌ನ ಸಸ್ಯವಿಜ್ಞಾನಿ ಫ್ರೀಡ್ರಿಶ್ ರೈನಿಟ್ಸರ್, 1888ರಲ್ಲಿ. ಕೊಲೆಸ್ಟೆರಿಲ್ ಬೆಂಜೋಯೇಟ್ ಎಂಬ ಪದಾರ್ಥ 145.5 ಡಿಗ್ರಿಯಲ್ಲಿ ಕರಗಿ ಗಂಜಿಯಂತೆ ಮಬ್ಬಾಗುತ್ತಿತ್ತು, 178.5 ಡಿಗ್ರಿಗೆ ಬಂದಾಗ ಆ ಮಬ್ಬು ಕಳೆದು ನೀರಿನಂತೆ ತಿಳಿಯಾಗುತ್ತಿತ್ತು. ಒಂದೇ ವಸ್ತು ಎರಡು ಸಲ ಕರಗಿದಂತೆ ಕಂಡದ್ದು ಅವರಿಗೆ ಸೋಜಿಗ. ನಡುವಿನ ಆ ಮಬ್ಬು ಸ್ಥಿತಿಯೇ ದ್ರವಹರಳು. ಅದು ದ್ರವದಂತೆ ಹರಿಯುತ್ತದೆ, ಆದರೆ ಅದರ ಕಡ್ಡಿಯಂಥ ಅಣುಗಳು ಹರಿಯುವಾಗಲೂ ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ಮುಖಮಾಡಿರುತ್ತವೆ. ಹೊಳೆಯಲ್ಲಿ ತೇಲಿಬಿಟ್ಟ ಬಿದಿರಿನ ಗಳುಗಳು ಮುಂದೆ ಹಿಂದೆ ಸರಿದಾಡುತ್ತಲೇ ಒಂದೇ ಸಾಲಾಗಿ ಸಾಗುವ ಹಾಗೆ. ಈ ಸ್ಥಿತಿಗೆ ನೆಮ್ಯಾಟಿಕ್ ಎಂದು ಹೆಸರು. ಇದರ ಜೊತೆಗೆ ದಿಕ್ಕು ಪದರದಿಂದ ಪದರಕ್ಕೆ ತುಸುತುಸುವೇ ತಿರುಗುತ್ತಾ ಸುರುಳಿಯಾದರೆ ಅದು ಕೊಲೆಸ್ಟೆರಿಕ್.

ಇದನ್ನು ನೋಡಲು ಬೇಕಾದ ಮುಖ್ಯ ಉಪಕರಣ, ಬಿಸಿಮಾಡಬಲ್ಲ ಪೀಠವಿರುವ ಧ್ರುವೀಕರಣ ಸೂಕ್ಷ್ಮದರ್ಶಕ. 1960ರ ದಶಕದ ಪ್ರಯೋಗಾಲಯಗಳಲ್ಲಿ ಬಹಳ ಬಳಕೆಯಲ್ಲಿದ್ದ ಪ್ಯಾರಾ-ಅಜಾಕ್ಸಿಅನಿಸೋಲ್ ಎಂಬ ಹಳದಿ ಪುಡಿಯನ್ನೇ ತೆಗೆದುಕೊಳ್ಳಬಹುದು. ಚಿಟಿಕೆ ಪುಡಿಯನ್ನು ಗಾಜಿನ ಪಟ್ಟಿಯ ಮೇಲಿಟ್ಟು, ತೆಳುಗಾಜು ಮುಚ್ಚಿ, ಪೀಠದ ಮೇಲೆ ಕಾಯಿಸುತ್ತಾ ಹೋಗಬೇಕು. ಸುಮಾರು 118 ಡಿಗ್ರಿಗೆ ಪುಡಿ ಕರಗುತ್ತದೆ. ಮಾಮೂಲು ದ್ರವವಾಗಿದ್ದರೆ, ಸೂಕ್ಷ್ಮದರ್ಶಕದಲ್ಲಿ ಅಡ್ಡಡ್ಡವಾಗಿಟ್ಟ ಎರಡು ಪೋಲರಾಯ್ಡ್‌ಗಳ (ಬೆಳಕನ್ನು ಧ್ರುವೀಕರಿಸುವ ಹಾಳೆಗಳ) ನಡುವೆ ಕತ್ತಲೆ ಕವಿಯಬೇಕಿತ್ತು. ಕತ್ತಲೆ ಕವಿಯುವುದಿಲ್ಲ. ಬಣ್ಣಬಣ್ಣದ ಹಿನ್ನೆಲೆಯಲ್ಲಿ ಕಪ್ಪು ಕುಂಚದಿಂದ ಎಳೆದಂಥ ಗೆರೆಗಳು ಮೂಡಿ, ಎರಡೆರಡಾಗಿ ನಾಲ್ಕುನಾಲ್ಕಾಗಿ ಒಂದೊಂದು ಚುಕ್ಕಿಯಲ್ಲಿ ಕೂಡುತ್ತವೆ. ಪೀಠವನ್ನು ಮೆಲ್ಲನೆ ತಟ್ಟಿದರೆ ಇಡೀ ಚಿತ್ರ ಮಿನುಗಿ ಹರಿದಾಡುತ್ತದೆ. ಕಾವು 135 ಡಿಗ್ರಿಯ ಸುಮಾರಿಗೆ ಏರಿದಾಗ ಮೂಲೆಯಿಂದ ಕಪ್ಪು ಹಬ್ಬುತ್ತಾ ಬಂದು ಎಲ್ಲವೂ ಅಳಿಸಿಹೋಗುತ್ತದೆ. ಕಾವು ಇಳಿಸಿದರೆ ಚಿತ್ರ ಮತ್ತೆ ಮೂಡುತ್ತದೆ. ಈ ವಿದ್ಯೆಗೆ ಒಲಿದವರಲ್ಲಿ ಹೆಚ್ಚಿನವರು ಒಲಿದದ್ದು ಈ ನೋಟಕ್ಕೇ.

ಮೈಸೂರಿನಲ್ಲಿ ಎತ್ತಿಕೊಂಡ ಮುಖ್ಯ ಪ್ರಶ್ನೆ ಕೊಲೆಸ್ಟೆರಿಕ್ ಬಣ್ಣದ್ದು. ಸೋಡಿಯಂ ದೀಪದ ಹಳದಿ ಬೆಳಕಿನಲ್ಲಿ ಒಂದು ಮಿಲಿಮೀಟರು ದಪ್ಪದ ಸ್ಫಟಿಕಶಿಲೆ ಧ್ರುವೀಕರಣದ ದಿಕ್ಕನ್ನು 22 ಡಿಗ್ರಿಯಷ್ಟು ತಿರುಗಿಸುತ್ತದೆ. ಅಷ್ಟೇ ದಪ್ಪದ ಕೊಲೆಸ್ಟೆರಿಕ್ ದ್ರವಹರಳು ಸಾವಿರಾರು ಡಿಗ್ರಿ ತಿರುಗಿಸಬಲ್ಲದು. ಅಲ್ಲದೆ ಅದು ತನ್ನ ಸುರುಳಿಯ ಅಂತರಕ್ಕೆ ತಕ್ಕ ಬಣ್ಣವನ್ನು ಮಾತ್ರ ಹಿಂದಕ್ಕೆ ಕಳಿಸುತ್ತದೆ. ಅದರಲ್ಲೂ ಸುರುಳಿ ಎಡಗೈಯದಾದರೆ ಎಡಕ್ಕೆ ತಿರುಗುವ ಬೆಳಕನ್ನು, ಬಲಗೈಯದಾದರೆ ಬಲಕ್ಕೆ ತಿರುಗುವುದನ್ನು. ಉಳಿದದ್ದು ತಡೆಯಿಲ್ಲದೆ ಆಚೆಗೆ ಸಾಗುತ್ತದೆ. ಕಾವು ಬದಲಾದರೆ ಸುರುಳಿ ಬಿಗಿಯುತ್ತದೆ ಇಲ್ಲವೆ ಸಡಿಲುತ್ತದೆ, ಅದರೊಂದಿಗೆ ಬಣ್ಣವೂ ಬದಲಾಗುತ್ತದೆ.

ಇದರ ಗಣಿತಕ್ಕೆ ಒಂದು ದಾರಿ 1951ರಲ್ಲೇ ಯೂರೋಪಿನಲ್ಲಿ ತೆರೆದಿತ್ತು. ಚಂದ್ರಶೇಖರ್ ಬೇರೆ ದಾರಿ ಹಿಡಿದರು. ಹರಳಿನ ಪರಮಾಣು ಪದರಗಳಿಂದ ಎಕ್ಸ್-ಕಿರಣಗಳು ಪ್ರತಿಫಲಿಸುವ ಲೆಕ್ಕ ಅವರಿಗೆ ಕರತಲಾಮಲಕ. ಸುರುಳಿಯ ಒಂದೊಂದು ಸುತ್ತೂ ಒಂದೊಂದು ಪದರವೆಂದು ಎಣಿಸಿ, ಪದರದಿಂದ ಪದರಕ್ಕೆ ಬೆಳಕು ಮತ್ತೆ ಮತ್ತೆ ಪುಟಿಯುವ ಪರಿಣಾಮವನ್ನು ಕೂಡುತ್ತಾ ಹೋದರೆ ಉತ್ತರ ಸಿಗಬೇಕು. ಕೆ.ಎನ್. ಶ್ರೀನಿವಾಸರಾವ್ ಅವರೊಂದಿಗೆ 1968ರಲ್ಲಿ, ಜೆ. ಶಶಿಧರಪ್ರಸಾದ್ ಅವರೊಂದಿಗೆ 1971ರಲ್ಲಿ ಪ್ರಕಟಿಸಿದ ಪ್ರಬಂಧಗಳಲ್ಲಿ ಈ ಲೆಕ್ಕವಿದೆ. ಪದರಪದರವಾದ ರಚನೆಯೊಳಗೆ ಕೆಲವು ಬಣ್ಣಗಳಿಗೆ ಪ್ರವೇಶವೇ ಇಲ್ಲದಂತಾಗುವ ಈ ಸಂಗತಿಗೆ 1987ರ ನಂತರ ಫೋಟಾನಿಕ್ ಹರಳು ಎಂಬ ಹೆಸರಿನಲ್ಲಿ ಒಂದು ಶಾಖೆಯೇ ಬೆಳೆಯಿತು. ಆ ಶಾಖೆಯ ಪುಸ್ತಕಗಳಲ್ಲಿ ಕೊಲೆಸ್ಟೆರಿಕ್ ಸುರುಳಿ ಒಂದೇ ಆಯಾಮದ ಫೋಟಾನಿಕ್ ಹರಳಿಗೆ ಪ್ರಕೃತಿ ಕೊಟ್ಟ ಮಾದರಿ. ಮೈಸೂರಿನ ಪ್ರಬಂಧಗಳನ್ನು ಆ ಸಾಲಿನ ಹಿರಿಯ ಕೃತಿಗಳೆಂದು ಓದುವುದೇ ಸರಿ.

ನೆಮ್ಯಾಟಿಕ್‌ನ ಕೆಲಸವೂ ಜೊತೆಜೊತೆಗೆ ನಡೆಯಿತು. ಇಂಥ ದ್ರವದೊಳಗೆ ಬೆಳಕು ಎರಡಾಗಿ ಸೀಳಿ ಎರಡು ಬೇರೆ ವೇಗಗಳಲ್ಲಿ ಸಾಗುತ್ತದೆ. ಆ ವೇಗಗಳ ಅಂತರ ಅಳೆದರೆ ಅಣುಗಳು ಎಷ್ಟು ಒಪ್ಪವಾಗಿ ಸಾಲುಗಟ್ಟಿವೆ ಎಂದು ಹೇಳಬಹುದು. ಚಂದ್ರಶೇಖರ್, ಕೃಷ್ಣಮೂರ್ತಿ ಮತ್ತು ಎನ್.ವಿ. ಮಧುಸೂದನ 1969ರಲ್ಲಿ ಇದರ ಸಿದ್ಧಾಂತ ಬರೆದರು. ಅಣುಗಳ ನಡುವಣ ಸೆಳೆತದಿಂದ ಈ ಸಾಲುಗಟ್ಟುವಿಕೆ ಹೇಗೆ ಹುಟ್ಟುತ್ತದೆ ಎಂಬುದನ್ನು ಚಂದ್ರಶೇಖರ್ ಮತ್ತು ಮಧುಸೂದನ 1971ರಲ್ಲಿ ವಿವರಿಸಿದರು.

ಹೊರಜಗತ್ತಿನಲ್ಲಿ ಆಗಲೇ ಗಾಳಿ ತಿರುಗಿತ್ತು. 1968ರಲ್ಲಿ ಅಮೆರಿಕದ ಆರ್‌ಸಿಎ ಕಂಪನಿ ದ್ರವಹರಳಿನ ಪರದೆಯನ್ನು ಜಗತ್ತಿಗೆ ತೋರಿಸಿತು. 1970–71ರಲ್ಲಿ ತಿರುಚಿದ ನೆಮ್ಯಾಟಿಕ್ ವಿಧಾನ ಬಂತು. ಎರಡು ಗಾಜುಗಳ ಒಳಮೈಯನ್ನು ಬಟ್ಟೆಯಿಂದ ಒಂದೇ ದಿಕ್ಕಿಗೆ ಉಜ್ಜಿ, ಒಂದರ ದಿಕ್ಕಿಗೆ ಇನ್ನೊಂದನ್ನು ಅಡ್ಡವಾಗಿಟ್ಟು ನಡುವೆ ದ್ರವಹರಳು ತುಂಬಿದರೆ ಅಣುಗಳ ಸಾಲು ಕಾಲು ಸುತ್ತು ತಿರುಚಿಕೊಳ್ಳುತ್ತದೆ. ಎರಡೂ ಬದಿಗೆ ಅಡ್ಡಡ್ಡವಾಗಿ ಪೋಲರಾಯ್ಡ್‌ಗಳನ್ನಿಟ್ಟರೆ ಬೆಳಕೂ ಅದರ ಜೊತೆ ತಿರುಗಿ ಹೊರಬರುತ್ತದೆ. ಒಂದೆರಡು ವೋಲ್ಟ್ ವಿದ್ಯುತ್ತು ಕೊಟ್ಟರೆ ತಿರುಚು ಬಿಡಿಸಿಕೊಂಡು ಆ ಜಾಗ ಕಪ್ಪಾಗುತ್ತದೆ. ಕೈಗಡಿಯಾರದ ಅಂಕಿ, ಕ್ಯಾಲ್ಕ್ಯುಲೇಟರಿನ ಮೊತ್ತ, ಪೆಟ್ರೋಲ್ ಬಂಕಿನ ಮೀಟರು ಎಲ್ಲಕ್ಕೂ ಇದೇ ತಳಹದಿ.

ಸರಿಯಾಗಿ ಇದೇ ಹೊತ್ತಿಗೆ ಮೈಸೂರಿನ ಗುಂಪು ಮೈಸೂರು ಬಿಟ್ಟಿತು. 1970ರ ನವೆಂಬರಿನಲ್ಲಿ ರಾಮನ್ ತೀರಿಕೊಂಡರು. 1971ರಲ್ಲಿ ಚಂದ್ರಶೇಖರ್ ರಾಮನ್ ಸಂಶೋಧನಾ ಸಂಸ್ಥೆಗೆ ಬಂದರು, ಮಧುಸೂದನ, ಆರ್. ಶಶಿಧರ್ ಮುಂತಾದ ಶಿಷ್ಯರೂ ಬಂದರು. ಮೈಸೂರಿನಲ್ಲಿ ಮೊಳೆತ ಪೈರು ಬೆಂಗಳೂರಿನಲ್ಲಿ ತೆನೆಗಟ್ಟಿತು. 1973ರ ಡಿಸೆಂಬರಿನಲ್ಲಿ ಅಂತರರಾಷ್ಟ್ರೀಯ ದ್ರವಹರಳು ಸಮ್ಮೇಳನವೊಂದು ರಾಮನ್ ಸಂಸ್ಥೆಯಲ್ಲಿ ನಡೆಯಿತು. 1977ರಲ್ಲಿ ಚಂದ್ರಶೇಖರ್, ಬಿ.ಕೆ. ಸದಾಶಿವ, ಕೆ.ಎ. ಸುರೇಶ್ ಮೂವರೂ ಬಿಲ್ಲೆಯಾಕಾರದ ಅಣುಗಳಿಂದಲೂ ದ್ರವಹರಳು ಆಗುತ್ತದೆಂದು ತೋರಿಸಿದರು. ಅಲ್ಲಿಯವರೆಗೆ ಕಡ್ಡಿಯಂಥ ಅಣುಗಳಿಗೆ ಮಾತ್ರ ಈ ಗುಣವೆಂದು ನಂಬಿಕೆಯಿತ್ತು. ಬಿಲ್ಲೆಗಳು ಒಂದರ ಮೇಲೊಂದು ಪೇರಿಕೊಂಡು ಕಂಬಗಳಾಗುತ್ತವೆ, ಕಂಬಗಳು ಜೇನುಹಲ್ಲೆಯ ಲೆಕ್ಕದಲ್ಲಿ ಜೋಡಿಸಿಕೊಳ್ಳುತ್ತವೆ. ಈ ಪ್ರಬಂಧ ಪ್ರಕಟವಾದದ್ದು ಬೆಂಗಳೂರಿನಿಂದಲೇ ಹೊರಡುವ ‘ಪ್ರಮಾಣ’ ಎಂಬ ಪತ್ರಿಕೆಯಲ್ಲಿ. ಇದೇ ಜಾತಿಯ ಬಿಲ್ಲೆ ಅಣುಗಳ ಹಾಳೆಯನ್ನು ಜಪಾನಿನ ಫ್ಯೂಜಿ ಕಂಪನಿ 1990ರ ದಶಕದಲ್ಲಿ ಕಂಪ್ಯೂಟರ್ ಪರದೆಗಳಿಗೆ ಅಂಟಿಸತೊಡಗಿತು. ಪಕ್ಕದಿಂದ ನೋಡಿದಾಗ ಚಿತ್ರ ಮಾಸುವ ದೋಷ ಅದರಿಂದ ಕಡಿಮೆಯಾಯಿತು.

ಚಂದ್ರಶೇಖರ್ ಬರೆದ ದ್ರವಹರಳುಗಳ ಪಠ್ಯಗ್ರಂಥವನ್ನು ಕೇಂಬ್ರಿಜ್ ಮುದ್ರಣಾಲಯ 1977ರಲ್ಲಿ ಹೊರತಂದಿತು. 1983ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವರನ್ನು ಫೆಲೋ ಆಗಿ ಆರಿಸಿತು. 1998ರಲ್ಲಿ ಪದ್ಮಭೂಷಣ ಬಂತು. 1991ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ನೆರವಿನಿಂದ ಜಾಲಹಳ್ಳಿಯಲ್ಲಿ ದ್ರವಹರಳು ಸಂಶೋಧನಾ ಕೇಂದ್ರ ಕಟ್ಟಿದರು. ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಅದನ್ನು ವಹಿಸಿಕೊಂಡಿತು. ಇಂದು ಅದು ನ್ಯಾನೋ ಮತ್ತು ಮೃದು ಪದಾರ್ಥ ವಿಜ್ಞಾನಗಳ ಕೇಂದ್ರವೆಂಬ ಹೆಸರಿನಲ್ಲಿ ದಾಸನಪುರ ಹೋಬಳಿಯ ಶಿವನಪುರದಲ್ಲಿದೆ. ಚಂದ್ರಶೇಖರ್ 2004ರ ಮಾರ್ಚ್ 8ರಂದು ನಿಧನರಾದರು.

ಮೈಸೂರಿನ ವಿಭಾಗ ಬರಿದಾಗಲಿಲ್ಲ. ಕೃಷ್ಣಮೂರ್ತಿ ಅಲ್ಲಿಯೇ ಉಳಿದು ದ್ರವಹರಳುಗಳ ವಕ್ರೀಭವನದ ಅಧ್ಯಯನ ಮುಂದುವರಿಸಿದರು. ಶಿಷ್ಯರು ಆ ಕೆಲಸವನ್ನು ಕೈಗೆತ್ತಿಕೊಂಡರು. ಶಶಿಧರಪ್ರಸಾದ್ ಹರಳುಗಳ ರಚನೆಯ ಅಧ್ಯಯನ ಬೆಳೆಸಿ, ಮುಂದೆ ಅದೇ ವಿಶ್ವವಿದ್ಯಾನಿಲಯದ ಕುಲಪತಿಯೂ ಆದರು. ಆದರೂ ಗುಂಪಿನ ಮುಂದಾಳುಗಳು ಒಟ್ಟಿಗೆ ಹೊರಟದ್ದು ವಿಭಾಗಕ್ಕೆ ದೊಡ್ಡ ನಷ್ಟ. ರಾಜ್ಯದ ವಿಶ್ವವಿದ್ಯಾನಿಲಯಗಳಲ್ಲಿ ಅಧ್ಯಾಪಕರಿಗೆ ಪಾಠ, ಪರೀಕ್ಷೆ, ಮೌಲ್ಯಮಾಪನಗಳ ಹೊರೆ. ಸಂಶೋಧನೆಗೆಂದೇ ಇರುವ ಸಂಸ್ಥೆಗಳಲ್ಲಿ ಬಿಡುವೂ ಹಣವೂ ಹೆಚ್ಚು. ಅಂದು ನಡೆದ ವಲಸೆಗೆ ಕಾರಣ ಹುಡುಕುವವರು ಈ ವ್ಯತ್ಯಾಸವನ್ನು ಮರೆಯಬಾರದು.

ಪಂಚರತ್ನಂ ಅವರ ಪ್ರಬಂಧಕ್ಕೆ ಮರುಹುಟ್ಟು ಸಿಕ್ಕಿದ್ದು ಮೂವತ್ತು ವರ್ಷಗಳ ನಂತರ. 1984ರಲ್ಲಿ ಇಂಗ್ಲೆಂಡಿನ ಮೈಕೇಲ್ ಬೆರಿ ಕ್ವಾಂಟಂ ವ್ಯವಸ್ಥೆಗಳಲ್ಲಿ ಅಲೆ ಇದೇ ಬಗೆಯಲ್ಲಿ ಸರಿಯುವುದನ್ನು ತೋರಿಸಿದರು. ಎಸ್. ರಾಮಶೇಷನ್ ಮತ್ತು ರಾಜಾರಾಂ ನಿತ್ಯಾನಂದ 1986ರಲ್ಲಿ ಬೆಂಗಳೂರಿನ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಪಂಚರತ್ನಂ ಅವರ ಕೆಲಸದ ಕಡೆಗೆ ಬೆರಳು ತೋರಿಸಿದರು. ಮರುವರ್ಷ ಬೆರಿಯವರೇ ಅದನ್ನು ಮನಸಾರೆ ಒಪ್ಪಿ ಬರೆದರು. ಈಗ ಆ ಸರಿಯುವಿಕೆಗೆ ಪಂಚರತ್ನಂ–ಬೆರಿ ಎಂಬ ಜೋಡಿ ಹೆಸರು. ಚಪ್ಪಟೆ ಗಾಜಿನ ಮೇಲೆ ತೆಳ್ಳಗೆ ಸವರಿದ ದ್ರವಹರಳಿನ ಅಣುಗಳ ದಿಕ್ಕನ್ನು ನಡುವಿನಿಂದ ಅಂಚಿಗೆ ಲೆಕ್ಕಕ್ಕೆ ತಕ್ಕಂತೆ ತಿರುಗಿಸುತ್ತಾ ಹೋದರೆ, ಉಬ್ಬುತಗ್ಗಿಲ್ಲದ ಆ ಗಾಜೇ ಮಸೂರವಾಗುತ್ತದೆ. ತಲೆಗೆ ಧರಿಸುವ ಪರದೆಗಳಿಗೆಂದು ಹಲವು ದೇಶಗಳ ಪ್ರಯೋಗಾಲಯಗಳು ಇಂಥ ಮಸೂರಗಳನ್ನು ಮಾಡುತ್ತಿವೆ. ಅದರ ಸಿದ್ಧಾಂತ ಪಂಚರತ್ನಂ ಅವರದು, ವಸ್ತು ಚಂದ್ರಶೇಖರ್ ಅಧ್ಯಯನ ಮಾಡಿದ್ದು. 1960ರ ದಶಕದ ಮೊದಲ ಭಾಗದಲ್ಲಿ ಇಬ್ಬರೂ ಒಂದೇ ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳುತ್ತಿದ್ದರು.

ಈ ಕಥೆಯಲ್ಲಿ ಪಾಲುಳ್ಳ ಹಾಸನ ಜಿಲ್ಲೆಗೆ ಉನ್ನತ ತಾಂತ್ರಿಕ ವಿದ್ಯೆ ಬಂದದ್ದು ಮಲೆನಾಡು ಎಂಜಿನಿಯರಿಂಗ್ ಕಾಲೇಜಿನ ಮೂಲಕ, 1960ರಲ್ಲಿ. 1982ರಲ್ಲಿ ಇಸ್ರೋ ಹಾಸನದಲ್ಲಿ ಮುಖ್ಯ ನಿಯಂತ್ರಣ ಕೇಂದ್ರ ತೆರೆದು ಇನ್ಸಾಟ್ ಉಪಗ್ರಹಗಳ ಚುಕ್ಕಾಣಿ ಅಲ್ಲಿಂದ ಹಿಡಿಯಿತು. ಮೈಸೂರು ವಿಶ್ವವಿದ್ಯಾನಿಲಯ ಇಲ್ಲಿ ನಡೆಸುತ್ತಿದ್ದ ಹೇಮಗಂಗೋತ್ರಿ ಸ್ನಾತಕೋತ್ತರ ಕೇಂದ್ರ 2023ರ ಮಾರ್ಚಿನಲ್ಲಿ ಹಾಸನ ವಿಶ್ವವಿದ್ಯಾನಿಲಯವಾಯಿತು. ಎರಡೇ ವರ್ಷಕ್ಕೆ, 2025ರಲ್ಲಿ, ಹೊಸ ವಿಶ್ವವಿದ್ಯಾನಿಲಯಗಳನ್ನು ಹಳೆಯವುಗಳೊಂದಿಗೆ ಸೇರಿಸುವ ಪ್ರಸ್ತಾಪವೂ ಸರ್ಕಾರದ ಮುಂದೆ ಬಂತು. ಹೊಳೆನರಸೀಪುರದಲ್ಲೋ ಅರಕಲಗೂಡಿನಲ್ಲೋ ಬಿ.ಎಸ್ಸಿ. ಓದುವ ಹುಡುಗಿಗೆ ಪದವಿಪತ್ರದ ಮೇಲಿನ ಹೆಸರಿಗಿಂತ, ಧ್ರುವೀಕರಣ ಸೂಕ್ಷ್ಮದರ್ಶಕದ ಮುಂದೆ ಕೂರುವ ಅವಕಾಶ ದೊಡ್ಡದು. ಇನ್ನೂ ದೊಡ್ಡದು, ಅದನ್ನು ತೋರಿಸಿಕೊಡುವ ಅಧ್ಯಾಪಕರು ಹತ್ತು ವರ್ಷ ಅದೇ ಕೊಠಡಿಯಲ್ಲಿ ಇರುವುದು. ಜಿಲ್ಲೆಯ ವಿಜ್ಞಾನ ಶಿಕ್ಷಣದ ಹೊಣೆ ಹೊತ್ತವರು ಈ ಎರಡನ್ನು ಮೊದಲು ಒದಗಿಸಲಿ, ಹುದ್ದೆಗಳಿಗೆ ಎಳೆಯರನ್ನು ನಂಬಿ ಕರೆಯಲಿ. ಮೈಸೂರಿನ ವಿಭಾಗ ಶುರುವಾದಾಗ ಅದರ ಮುಖ್ಯಸ್ಥರಿಗೆ ಮೂವತ್ತೊಂದು ವರ್ಷ ದಾಟಿರಲಿಲ್ಲ.